ಹಳೆಯ ಕೋಟು, ಸೂಟುಗಳನ್ನು ಶುಚಿಗೊಳಿಸಿ ತೊಡುವ ಬಗೆ: ಸಮಗ್ರ ಮಾರ್ಗದರ್ಶಿ

ಐವತ್ತು ಅರವತ್ತು ವರ್ಷದ ಉಣ್ಣೆಯ ಕೋಟೊಂದು ಕೈಗೆ ಬಂದರೆ ಯಾರಿಗಾದರೂ ಮೊದಲು ಅನಿಸುವುದು, ಇದನ್ನೊಮ್ಮೆ ತೊಳೆದುಬಿಡೋಣ ಎಂದು. ಬಹಳಷ್ಟು ಒಳ್ಳೆಯ ಕೋಟುಗಳು ಕೆಟ್ಟದ್ದು ಆ ಗಳಿಗೆಯಲ್ಲೇ.

ಹೊರಗಿನಿಂದ ನೋಡಿದರೆ ಕೋಟು ಒಂದೇ ಬಟ್ಟೆ. ಬಿಚ್ಚಿ ನೋಡಿದರೆ ಒಳಗೆ ಒಂದು ಸಂಸಾರವೇ ಇದೆ. ಮೇಲೆ ಉಣ್ಣೆ. ಎದೆಯ ಭಾಗದಲ್ಲಿ ಅದರ ಬೆನ್ನಿಗೆ ಕುದುರೆ ಕೂದಲು ಸೇರಿಸಿ ನೇಯ್ದ ಕ್ಯಾನ್ವಾಸ್. ಅಂಚುಗಳಿಗೆ ಲಿನನ್ ಅಥವಾ ಹತ್ತಿಯ ಪಟ್ಟಿ, ಕಾಲರಿನ ಅಡಿಗೆ ದಪ್ಪ ಫೆಲ್ಟ್, ಹೆಗಲಿಗೆ ಹತ್ತಿ ತುಂಬಿದ ಪ್ಯಾಡು, ಒಳಗೆಲ್ಲ ರೇಯಾನ್, ಅಸಿಟೇಟ್ ಅಥವಾ ರೇಷ್ಮೆಯ ಅಸ್ತರಿ. ನೀರಿಗೆ ಹಾಕಿದಾಗ ಇವು ಒಂದೊಂದೂ ತನ್ನದೇ ಲೆಕ್ಕದಲ್ಲಿ ಕುಗ್ಗುತ್ತವೆ. ಒಳಗಿನ ಕ್ಯಾನ್ವಾಸ್ ಒಂದು ಸೆಂಟಿಮೀಟರ್ ಕುಗ್ಗಿ ಹೊರಗಿನ ಉಣ್ಣೆ ಅರ್ಧ ಸೆಂಟಿಮೀಟರ್ ಕುಗ್ಗಿದರೂ ಸಾಕು, ಎದೆ ಸುಕ್ಕುಗಟ್ಟಿ ಲ್ಯಾಪೆಲ್, ಅಂದರೆ ಎದೆಯ ಮೇಲೆ ಹೊರಕ್ಕೆ ಮಡಚಿದ ಅಂಚು, ಸುರುಳಿ ತಿರುಗುತ್ತದೆ. ಹೆಗಲಿನ ಹತ್ತಿ ಉಂಡೆಯಾಗುತ್ತದೆ. ಆಮೇಲೆ ಯಾವ ಇಸ್ತ್ರಿಯಿಂದಲೂ ಅದು ಹಿಂದಿನ ಆಕಾರಕ್ಕೆ ಬರುವುದಿಲ್ಲ.

ಹಾಗಾಗಿ ಈ ಕೆಲಸಕ್ಕೆ ಒಂದು ಕ್ರಮವಿದೆ: ಮೊದಲು ಹುಳ, ಆಮೇಲೆ ಹೊಲಿಗೆ, ಆಮೇಲೆ ಧೂಳು, ಆಮೇಲೆ ವಾಸನೆ, ಆಮೇಲೆ ಕಲೆ, ಕೊನೆಗೆ ಹಬೆ. ಕ್ರಮ ತಪ್ಪಿದರೆ ಒಂದು ಹಂತ ಇನ್ನೊಂದನ್ನು ಕೆಡಿಸುತ್ತದೆ. ಧೂಳು ತೆಗೆಯದೆ ಒದ್ದೆ ಮಾಡಿದರೆ ಧೂಳು ಕೆಸರಾಗಿ ನೂಲಿನೊಳಕ್ಕೆ ಇಳಿಯುತ್ತದೆ. ಕಲೆ ತೆಗೆಯದೆ ಇಸ್ತ್ರಿ ಹಾಕಿದರೆ ಕಲೆ ಶಾಶ್ವತವಾಗುತ್ತದೆ.

ಕೈಯಲ್ಲಿರುವುದು ಏನು?

ಬಟ್ಟೆ ಯಾವುದೆಂದು ತಿಳಿಯದೆ ಅದರ ಮೇಲೆ ಏನನ್ನೂ ಸಿಂಪಡಿಸಬಾರದು. ಹಳೆಯ ಕೋಟಿನಲ್ಲಿ ತೊಳೆಯುವ ಸೂಚನೆಯ ಚೀಟಿ ಸಾಮಾನ್ಯವಾಗಿ ಇರುವುದೇ ಇಲ್ಲ. ಅಮೆರಿಕದಲ್ಲಿ ಅಂಥ ಚೀಟಿ ಕಡ್ಡಾಯವಾದದ್ದು 1972ರಲ್ಲಿ. ಅದಕ್ಕಿಂತ ಹಿಂದಿನದರಲ್ಲಿ ಬೇರೆ ಗುರುತು ಹುಡುಕಬೇಕು. ದರ್ಜಿಯ ಕೈಯಲ್ಲಿ ಅಳತೆ ಕೊಟ್ಟು ಹೊಲಿಸಿದ ಕೋಟಾದರೆ ಒಳಜೇಬಿನೊಳಗೆ ಬೆರಳು ಹಾಕಿ ನೋಡಿ. ಹೊಲಿಸಿಕೊಂಡವರ ಹೆಸರು, ದಿನಾಂಕ ಬರೆದ ಚೀಟಿ ಅಲ್ಲಿರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಸರ್ಕಾರಿ ಮಿತವ್ಯಯ ಯೋಜನೆಯಡಿ ತಯಾರಾದ ಬಟ್ಟೆಗೆ ಸಿಸಿ41 ಎಂಬ ಮುದ್ರೆ ಇರುತ್ತದೆ. 1941ರಲ್ಲಿ ಶುರುವಾಗಿ 1952ರವರೆಗೆ ಅದು ಬಳಕೆಯಲ್ಲಿತ್ತು. ಪ್ಯಾಂಟಿನ ಮುಂಭಾಗಕ್ಕೆ ಜಿಪ್ಪಿನ ಬದಲು ಗುಂಡಿಗಳಿದ್ದರೆ ಅದು 1930ರ ದಶಕದ್ದೋ ಅದಕ್ಕೂ ಹಿಂದಿನದೋ ಇರುವ ಸಾಧ್ಯತೆ ಹೆಚ್ಚು. ಆದರೆ ಇದೊಂದನ್ನೇ ನಂಬಬೇಡಿ, ಗುಂಡಿ ಇಡುವ ದರ್ಜಿಗಳು ಆಮೇಲೂ ಇದ್ದರು.

ಕಾಲ ಗೊತ್ತಾದರೆ ನಾರು ಊಹಿಸುವುದು ಸುಲಭ. 1950ಕ್ಕಿಂತ ಹಿಂದಿನ ಬಟ್ಟೆಯಲ್ಲಿ ಪಾಲಿಯೆಸ್ಟರ್ ಇರುವುದಿಲ್ಲ. ಖಚಿತ ಮಾಡಿಕೊಳ್ಳಲು ಒಳಹೊಲಿಗೆಯ ಅಂಚಿನಿಂದ 2 ಸೆಂಟಿಮೀಟರ್ ಉದ್ದದ ಎಳೆ ಎಳೆದು, ಚಿಮುಟದಲ್ಲಿ ಹಿಡಿದು, ನೀರಿನ ಬಟ್ಟಲ ಮೇಲೆ ಸುಟ್ಟು ನೋಡಿ. ಉಣ್ಣೆಯೂ ರೇಷ್ಮೆಯೂ ಕೂದಲು ಸುಟ್ಟ ವಾಸನೆ ಕೊಟ್ಟು ತಾವೇ ಆರುತ್ತವೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ರೇಯಾನ್ ಮತ್ತು ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತವೆ. ಅಸಿಟೇಟ್ ಕರಗುತ್ತ ಉರಿದು ವಿನೆಗರ್ ವಾಸನೆ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಸ್ತರಿಯ ಎಳೆಗೆ ಇನ್ನೊಂದು ಪರೀಕ್ಷೆ ಇದೆ: ಗಾಜಿನ ಬಟ್ಟಲಲ್ಲಿ ಕೆಲವು ಹನಿ ಅಸಿಟೋನ್ ಹಾಕಿ ಎಳೆಯನ್ನು ಬಿಡಿ. ಅಂಟಾಗಿ ಕರಗಿದರೆ ಅಸಿಟೇಟ್. ಆ ಕೋಟಿನ ಹತ್ತಿರಕ್ಕೂ ಅಸಿಟೋನ್ ಇರುವ ಉಗುರುಬಣ್ಣ ತೆಗೆಯುವ ದ್ರವವನ್ನು ತರಬೇಡಿ.

ಮುಂದಿನದು ಚಿವುಟು ಪರೀಕ್ಷೆ. ಕೋಟಿನ ಮುಂಭಾಗದಲ್ಲಿ, ಕೆಳಗಿನ ಕಾಜದ ಪಕ್ಕ, ಹೊರಬಟ್ಟೆಯನ್ನು ಒಂದು ಕೈಯಿಂದಲೂ ಒಳಬಟ್ಟೆಯನ್ನು ಇನ್ನೊಂದರಿಂದಲೂ ಚಿವುಟಿ ಬೇರೆಬೇರೆಯಾಗಿ ಎಳೆಯಿರಿ. ನಡುವೆ ಮೂರನೆಯ ಪದರವೊಂದು ಬಿಡಿಯಾಗಿ ಜಾರಾಡಿದರೆ ಅದು ಹೊಲಿದ ಕ್ಯಾನ್ವಾಸ್. ಹೊರಬಟ್ಟೆಯೇ ಹಲಗೆಯಂತೆ ದಪ್ಪವೆನಿಸಿ ಮಧ್ಯದಲ್ಲಿ ಏನೂ ಜಾರದಿದ್ದರೆ ಅದು ಅಂಟಿಸಿದ ಒಳಪದರ. ಅಂಟಿಸಿದ್ದರೆ ಬಿಸಿಯೂ ಡ್ರೈ ಕ್ಲೀನಿಂಗ್ ದ್ರಾವಕವೂ ಅಂಟನ್ನು ಬಿಡಿಸಿ ಎದೆಯ ಮೇಲೆ ಗುಳ್ಳೆ ಎಬ್ಬಿಸಬಹುದು. ಅಂಥ ಕೋಟಿಗೆ ಮುಂದೆ ಹೇಳುವ ಹಬೆಯ ಹಂತವನ್ನು ಅರ್ಧಕ್ಕಿಳಿಸಿ.

ಹುಳ

ಹಳೆಯ ಉಣ್ಣೆಯನ್ನು ಹುಳದ ಪರೀಕ್ಷೆ ಆಗುವ ಮೊದಲು ನಿಮ್ಮ ಬಟ್ಟೆಯ ಕಪಾಟಿಗೆ ಸೇರಿಸಬಾರದು. ಬಟ್ಟೆ ತಿನ್ನುವ ಪತಂಗ ಒಣಹುಲ್ಲಿನ ಬಣ್ಣದ್ದು, ಕೂತಾಗ 6–7 ಮಿಲಿಮೀಟರ್ ಉದ್ದ. ಹಾರಾಡುವ ಪತಂಗ ಏನನ್ನೂ ತಿನ್ನುವುದಿಲ್ಲ, ಅದಕ್ಕೆ ತಿನ್ನುವ ಬಾಯಿಯೇ ಇಲ್ಲ. ತಿನ್ನುವುದು ಅದರ ಮರಿಹುಳ. ಉಣ್ಣೆ, ರೇಷ್ಮೆ, ತುಪ್ಪಳ ಅದರ ಆಹಾರ. ಬೆವರು, ಜಿಡ್ಡು ಹತ್ತಿದ ಜಾಗವೆಂದರೆ ಇನ್ನೂ ಇಷ್ಟ. ಕಾಲರಿನ ಅಡಿ, ಜೇಬಿನ ಮುಚ್ಚಳದ ಕೆಳಗೆ, ಪ್ಯಾಂಟಿನ ಕೆಳಮಡಿಕೆಯೊಳಗೆ, ಕಂಕುಳಿನ ಸುತ್ತ ಮೊದಲು ಹುಡುಕಬೇಕಾದದ್ದು ಇದೇ ಕಾರಣಕ್ಕೆ.

ಕತ್ತಲ ಕೋಣೆಯಲ್ಲಿ ದೀಪವೊಂದನ್ನು ಕೋಟಿನೊಳಗೆ ಹಿಡಿದು ಹೊರಗಿನಿಂದ ನೋಡಿ. ಅಸ್ತರಿ ಇಲ್ಲದ ಭಾಗಗಳಲ್ಲಿ ತೂತುಗಳು ನಕ್ಷತ್ರದಂತೆ ಕಾಣುತ್ತವೆ. ಅಸ್ತರಿ ಇರುವ ಕಡೆ ಬೆಳಕನ್ನು ಬಟ್ಟೆಗೆ ಸಮಾನಾಂತರವಾಗಿ, ಪಕ್ಕದಿಂದ ಬೀಳಿಸಿ. ಹುಳ ಮೇಲ್ಮೈಯನ್ನಷ್ಟೇ ಮೇಯ್ದು ಬಿಟ್ಟ ಹಾದಿ ಬೋಳಾಗಿ ಕಾಣುತ್ತದೆ. ಅಕ್ಕಿಕಾಳಿನಷ್ಟು ಗಾತ್ರದ, ಬಟ್ಟೆಯ ಬಣ್ಣವನ್ನೇ ಹೊತ್ತ ರೇಷ್ಮೆಗೂಡು, ಮರಳಿನಂಥ ಹಿಕ್ಕೆ, ಅಥವಾ ಕಂದುಬಣ್ಣದ ರೋಮಭರಿತ ಪೊರೆ ಸಿಕ್ಕಿದರೆ ಅನುಮಾನ ಬೇಡ. ಕೊನೆಯದು ಪತಂಗದ್ದಲ್ಲ, ಕಾರ್ಪೆಟ್ ಜೀರುಂಡೆಯದು. ಉಪಾಯ ಎರಡಕ್ಕೂ ಒಂದೇ.

1. ಕೋಟನ್ನು ಸಡಿಲವಾಗಿ ಮಡಚಿ ದಪ್ಪ ಪಾಲಿಥಿನ್ ಚೀಲಕ್ಕೆ ಹಾಕಿ, ಗಾಳಿಯನ್ನು ಒತ್ತಿ ತೆಗೆದು ಬಾಯಿ ಭದ್ರವಾಗಿ ಮುಚ್ಚಿ. ಚೀಲದಲ್ಲಿ ಗಾಳಿ ಉಳಿದರೆ ಅದರ ತೇವ ಬಟ್ಟೆಯ ಮೇಲೆ ಹನಿಯಾಗುತ್ತದೆ.
2. −18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಣ್ಣಗಿರುವ ಫ್ರೀಜರ್‌ನಲ್ಲಿ ಪೂರ್ತಿ 2 ವಾರ ಇಡಿ. ಎರಡು ಮೂರು ದಿನ ಸಾಲದು, ದಪ್ಪ ಉಣ್ಣೆಯ ನಡುಭಾಗಕ್ಕೆ ಚಳಿ ಇಳಿಯಲು ಹೊತ್ತು ಬೇಕು, ಮೊಟ್ಟೆಗಳೂ ಗಟ್ಟಿಜೀವ.
3. ಹೊರತೆಗೆದ ಮೇಲೆ ಚೀಲವನ್ನು 24 ಗಂಟೆ ತೆರೆಯಬೇಡಿ. ತೆರೆದರೆ ಕೋಣೆಯ ತೇವವೆಲ್ಲ ತಣ್ಣನೆಯ ಬಟ್ಟೆಯ ಮೇಲೆ ಕೂರುತ್ತದೆ.
4. ಜೀವಂತ ಹುಳ ಕಂಡಿದ್ದರೆ ಒಂದು ವಾರ ಬಿಟ್ಟು ಇನ್ನೊಮ್ಮೆ ಇದನ್ನೇ ಮಾಡಿ.

ನುಸಿಗುಳಿಗೆಯನ್ನು ನಾವು ಸೂಚಿಸುವುದಿಲ್ಲ. ನಾಫ್ತಲೀನ್ ಆವಿ ಮನುಷ್ಯರಿಗೂ ಒಳ್ಳೆಯದಲ್ಲ, ಹಸುಗೂಸುಗಳಿಗೂ ಜಿ6ಪಿಡಿ ಎಂಬ ಕಿಣ್ವದ ಹುಟ್ಟುಕೊರತೆ ಇರುವವರಿಗೂ ಅದು ನಿಜಕ್ಕೂ ಅಪಾಯ. ಮೇಲಾಗಿ ಆ ವಾಸನೆ ಬಿಡಿಸಲು ತಿಂಗಳುಗಟ್ಟಲೆ ಹೆಣಗಬೇಕು.

ಹೊಲಿಗೆ ಗಟ್ಟಿಯೇ?

ಉಣ್ಣೆ ಬಾಳುತ್ತದೆ, ಅದನ್ನು ಹಿಡಿದ ನೂಲು ಬಾಳುವುದಿಲ್ಲ. ಪ್ಯಾಂಟಿನ ಆಸನದ ಹೊಲಿಗೆ, ಕಂಕುಳ ಸುತ್ತಿನ ಹೊಲಿಗೆ, ಜೇಬಿನ ಮೂಲೆ, ಈ ಮೂರನ್ನೂ ಎರಡೂ ಬದಿಯಿಂದ ಹೆಬ್ಬೆರಳಲ್ಲಿ ಹಿಡಿದು ಮೆಲ್ಲಗೆ ಅಗಲಿಸಿ. ಟಿಕ್ ಟಿಕ್ ಎಂದು ನೂಲು ಕಡಿದರೆ ಆ ಇಡೀ ಸಾಲನ್ನು ಮರುಹೊಲಿಯಬೇಕು. ಕುಳಿತಾಗ ಹರಿಯುವುದಕ್ಕಿಂತ ಮೇಜಿನ ಮೇಲೆ ಹರಿಯುವುದು ಲೇಸು.

ಮರುಹೊಲಿಗೆಗೆ ಹತ್ತಿ ಅಥವಾ ರೇಷ್ಮೆ ನೂಲು ಬಳಸಿ. ಗಟ್ಟಿಯಾಗಿರಲಿ ಎಂದು ದಪ್ಪ ಪಾಲಿಯೆಸ್ಟರ್ ನೂಲು ಹಾಕುವವರು ಹೆಚ್ಚು. ಎಳೆತ ಬಿದ್ದಾಗ ಅದು ತಾನು ಕಡಿಯದೆ ಹಳೆಯ ಬಟ್ಟೆಯನ್ನೇ ಕುಯ್ಯುತ್ತದೆ. ನೂಲು ಕಡಿದರೆ ಮತ್ತೆ ಹೊಲಿಯಬಹುದು. ಬಟ್ಟೆ ಕುಯ್ದರೆ ಏನು ಮಾಡುತ್ತೀರಿ?

ಹುಳ ಕೊರೆದ ತೂತು ಕಡಲೆಕಾಳಿಗಿಂತ ಚಿಕ್ಕದಿದ್ದರೆ ಒಳ್ಳೆಯ ರಫು ಕೆಲಸದವರು ಅದನ್ನು ಕಾಣದಂತೆ ಮುಚ್ಚಬಲ್ಲರು. ಅದಕ್ಕೆ ಬೇಕಾದ ಎಳೆ ಅದೇ ಕೋಟಿನಿಂದಲೇ ಬರಬೇಕು: ಪ್ಯಾಂಟಿನ ಕೆಳಮಡಿಕೆ, ಒಳಹೊಲಿಗೆಯ ಅಂಚು, ತೋಳಿನ ಒಳಮಡಿಕೆ. ಆದ್ದರಿಂದ ಉದ್ದ ಕಡಿಮೆ ಮಾಡಿಸುವಾಗ ಕತ್ತರಿಸಿದ ಚೂರನ್ನು ಕೇಳಿ ಪಡೆದು ಕಾಗದದಲ್ಲಿ ಸುತ್ತಿ ಇಟ್ಟುಕೊಳ್ಳಿ.

ಧೂಳು

ಜೇಬುಗಳನ್ನು ಒಳಹೊರಗು ಮಾಡಿ ಮೂಲೆಯ ಕಸ ಚಿವುಟಿ ತೆಗೆಯಿರಿ. ಪ್ಯಾಂಟಿನ ಕೆಳಮಡಿಕೆ ಬಿಡಿಸಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅತಿ ಕಡಿಮೆ ವೇಗಕ್ಕಿಟ್ಟು, ಅದರ ಬಾಯಿಗೆ ನೈಲಾನ್ ಬಲೆ ಕಟ್ಟಿ, ಬಟ್ಟೆಗೆ ತಾಗಿಯೂ ತಾಗದ ಹಾಗೆ ಒಂದು ಸೆಂಟಿಮೀಟರ್ ಮೇಲೆ ಹಿಡಿಯಿರಿ. ಬಲೆ ಇಲ್ಲದಿದ್ದರೆ ಸಡಿಲ ಗುಂಡಿಯೂ ಅಸ್ತರಿಯ ಚಿಂದಿಯೂ ಒಳಗೆ ಹೋಗುತ್ತವೆ.

ನಂತರ ಬ್ರಷ್. ಹಂದಿ ಅಥವಾ ಕುದುರೆ ಕೂದಲಿನ ಬಟ್ಟೆ ಬ್ರಷ್ ಬೇಕು. ನೈಲಾನಿನದು ನೂಲನ್ನು ಕೆರೆಯುತ್ತದೆ, ಅಂಟುರೋಲರ್ ತನ್ನ ಅಂಟನ್ನೇ ಬಿಟ್ಟುಹೋಗುತ್ತದೆ. ಕೋಟನ್ನು ಅಗಲ ಹೆಗಲಿನ ಹ್ಯಾಂಗರಿಗೆ ತೂಗುಹಾಕಿ, ಕಾಲರ್ ಎತ್ತಿ, ಅದರ ಅಡಿಯಿಂದ ಶುರುಮಾಡಿ. ಮೊದಲ ಸುತ್ತು ಕೆಳಗಿನಿಂದ ಮೇಲಕ್ಕೆ, ಎಳೆ ಮಲಗಿದ ದಿಕ್ಕಿಗೆ ಎದುರಾಗಿ, ಮಣಿಕಟ್ಟಿನಿಂದ ಚಿಮ್ಮುವಂತೆ ಪುಟ್ಟ ಪುಟ್ಟ ಎಳೆತಗಳು. ಇದು ಒಳಗಿನ ಧೂಳನ್ನು ಎಬ್ಬಿಸುತ್ತದೆ. ಎರಡನೆಯ ಸುತ್ತು ಮೇಲಿನಿಂದ ಕೆಳಕ್ಕೆ, ಉದ್ದನೆಯ ನಿಧಾನದ ಎಳೆತ; ಎದ್ದ ಧೂಳು ಉದುರಿ ಎಳೆ ಮತ್ತೆ ಮಲಗುತ್ತದೆ. ಒಂದು ಕೋಟಿಗೆ 10 ನಿಮಿಷ ಕೊಡಿ. ಮುಗಿದ ಮೇಲೆ ಬ್ರಷ್ಷನ್ನು ಬಿಳಿ ಕಾಗದದ ಮೇಲೆ ತಟ್ಟಿ ನೋಡಿ: ಬಿದ್ದ ಬೂದುಪುಡಿಯಲ್ಲಿರುವುದು ಧೂಳು, ಸತ್ತ ಚರ್ಮ, ಮಸಿ. ತೊಟ್ಟಾಗ ನೂಲನ್ನು ಒಳಗಿಂದೊಳಗೆ ಮರಳುಕಾಗದದಂತೆ ಸವೆಸುತ್ತಿದ್ದದ್ದು ಇದೇ. ಎಷ್ಟೋ ಕೋಟುಗಳಿಗೆ ಬ್ರಷ್ಷಿನ ಕೆಲಸವಾದ ಮೇಲೆ ಬೇರೆ ಶುಚಿಯೇ ಬೇಡವಾಗುತ್ತದೆ.

ಬೂಷ್ಟಿನ ಪುಡಿ ಕಂಡರೆ ಮನೆಯೊಳಗೆ ಬ್ರಷ್ ಮಾಡಬೇಡಿ. ಹೊರಗೆ, ಒಣಹವೆಯ ದಿನ, ಮೂಗು ಬಾಯಿಗೆ ಎನ್95 ಮಾಸ್ಕ್ ಕಟ್ಟಿಕೊಂಡು ಮಾಡಿ. ಬ್ರಷ್ಷನ್ನು ಆಮೇಲೆ ತೊಳೆದು ಒಣಗಿಸಿ.

ವಾಸನೆ

ಮುಗ್ಗಲು, ಬೆವರು, ಹೊಗೆ, ನುಸಿಗುಳಿಗೆ: ನಾಲ್ಕಕ್ಕೂ ಮೊದಲ ಮದ್ದು ಗಾಳಿ. ನೆರಳಿನಲ್ಲಿ, ಗಾಳಿ ಹರಿದಾಡುವ ಕಡೆ, ಗುಂಡಿ ಬಿಚ್ಚಿ 3ರಿಂದ 7 ದಿನ ತೂಗುಹಾಕಿ. ಬಿಸಿಲು ವಾಸನೆಯನ್ನು ಬೇಗ ತೆಗೆಯುತ್ತದೆ ನಿಜ, ಜೊತೆಗೆ ಬಣ್ಣವನ್ನೂ ತೆಗೆಯುತ್ತದೆ. ಹೆಗಲಿನ ಮೇಲೆ ಮಾಸಿದ ಪಟ್ಟಿ ಬೀಳಲು ಕೆಲವು ದಿನದ ಬಿಸಿಲು ಸಾಕು. ಉಣ್ಣೆಗೆ ಒಂದು ಒಳ್ಳೆಯ ಗುಣವಿದೆ: ತನ್ನ ತೂಕದ ಮೂರನೇ ಒಂದರಷ್ಟು ತೇವವನ್ನು ಒದ್ದೆಯೆನಿಸದೆ ಹೀರಿಕೊಂಡು ಮತ್ತೆ ಬಿಟ್ಟುಕೊಡುತ್ತದೆ. ತೇವದ ಜೊತೆಗೆ ವಾಸನೆಯೂ ಹೊರಡುತ್ತದೆ. ಸ್ನಾನದ ಹಬೆ ತುಂಬಿದ ಕೋಣೆಯಲ್ಲಿ 15 ನಿಮಿಷ ತೂಗಿ, ಆಮೇಲೆ ಫ್ಯಾನಿನ ಕೆಳಗೆ ಆರಿಸಿದರೆ ಈ ಗುಣ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

ಕಂಕುಳಿನ ವಾಸನೆ ಉಳಿದರೆ ಮದ್ಯಸಾರ. ಶೇ 40ರ ವೋಡ್ಕಾ, ಅಥವಾ ಶೇ 70ರ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ಪ್ರಮಾಣದ ಡಿಸ್ಟಿಲ್ಡ್ ನೀರು ಬೆರೆಸಿದ್ದು. ಮೊದಲು ಬಣ್ಣದ ಪರೀಕ್ಷೆ: ಬಿಳಿ ಹತ್ತಿಬಟ್ಟೆಯನ್ನು ಈ ದ್ರವದಲ್ಲಿ ಅದ್ದಿ ಅಸ್ತರಿಯ ಒಳಅಂಚಿಗೆ 3 ನಿಮಿಷ ಒತ್ತಿಹಿಡಿಯಿರಿ. ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಹತ್ತದಿದ್ದರೆ ತೋಳನ್ನು ಒಳಹೊರಗು ಮಾಡಿ, ಒಂದೊಂದು ಕಂಕುಳಿಗೆ 5–6 ಸಲ, 20 ಸೆಂಟಿಮೀಟರ್ ದೂರದಿಂದ ಸಿಂಪಡಿಸಿ. ತೇವವಾಗಬೇಕು, ಒದ್ದೆಯಾಗಬಾರದು. ರಾತ್ರಿಯಿಡೀ ಫ್ಯಾನಿನ ಗಾಳಿಗೆ ಬಿಡಿ. ಬೇಕಾದರೆ ಮರುದಿನ ಇನ್ನೊಮ್ಮೆ. ಬೆಂಕಿ, ಬಿಸಿ ಇಸ್ತ್ರಿ ಹತ್ತಿರ ಇರಬಾರದು, ಗುಂಡಿಗಳ ಮೇಲೆ ಹನಿ ಬೀಳಬಾರದು.

ನುಸಿಗುಳಿಗೆಯ ವಾಸನೆಗೆ ನೀರು, ಸಾಬೂನು ಉಪಯೋಗವಿಲ್ಲ. ನಾಫ್ತಲೀನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬೇಕು. ಅದು ತಾನಾಗಿ ಆವಿಯಾಗಿ ಹೋಗಬೇಕು. ಬೆಚ್ಚಗಿನ ಒಣಗಾಳಿಯಲ್ಲಿ ವಾರಗಟ್ಟಲೆ ತೂಗುವುದು, ನಡುನಡುವೆ ಮುಚ್ಚಿದ ಪೆಟ್ಟಿಗೆಯಲ್ಲಿ ಸಕ್ರಿಯ ಇದ್ದಿಲಿನ ಜೊತೆ ಇಡುವುದು, ಇಷ್ಟೇ ದಾರಿ. ಅಡುಗೆಸೋಡವನ್ನು ಬಟ್ಟೆಯ ಮೇಲೆ ಚೆಲ್ಲುವ ಸಲಹೆ ಎಲ್ಲೆಡೆ ಓಡಾಡುತ್ತಿದೆ. ದಯವಿಟ್ಟು ಬೇಡ. ಪುಡಿ ನೇಯ್ಗೆಯೊಳಗೆ ಸಿಕ್ಕಿಕೊಳ್ಳುತ್ತದೆ, ತೇವ ತಗುಲಿದಾಗ ಕ್ಷಾರವಾಗಿ ಉಣ್ಣೆಯನ್ನು ಒರಟಾಗಿಸುತ್ತದೆ. ಬೇಕಿದ್ದರೆ ಬಟ್ಟಲಲ್ಲಿ ಪಕ್ಕಕ್ಕಿಡಿ. ಸುಗಂಧದ ಸ್ಪ್ರೇ ಹೊಡೆದರೆ ಒಂದರ ಬದಲು ಎರಡು ವಾಸನೆ.

ಕಲೆ

ಕಲೆ ತೆಗೆಯಲು ನೀರು ಮುಟ್ಟಿಸಲೇಬೇಕಾದಲ್ಲಿ ಅತಿ ಕಡಿಮೆ ನೀರಲ್ಲಿ ಮುಗಿಸುವುದೇ ಕೈಚಳಕ. ಅದಕ್ಕೆ ನೊರೆಯ ವಿಧಾನ ಚೆನ್ನ. ಒಂದು ಲೀಟರ್ ನೀರು, 30 ಡಿಗ್ರಿ ಮೀರದ ಉಗುರುಬೆಚ್ಚಗಿನದು. ಅದಕ್ಕೆ ಉಣ್ಣೆಗೆಂದೇ ಬರುವ ಕ್ಷಾರವಿಲ್ಲದ ದ್ರವ 5 ಮಿಲಿಲೀಟರ್. ಚೆನ್ನಾಗಿ ಕಡೆದು ನೊರೆ ಎಬ್ಬಿಸಿ, ನೊರೆಯನ್ನು ಮಾತ್ರ ಮೆತ್ತನೆಯ ಸ್ಪಂಜಿನಲ್ಲಿ ಎತ್ತಿಕೊಳ್ಳಿ. ಬಟ್ಟೆಯ ಹಿಂಬದಿಗೆ ಬಿಳಿ ಟವೆಲ್ ಇಟ್ಟು, ಕಲೆಯ ಹೊರಅಂಚಿನಿಂದ ನಡುವಿನ ಕಡೆಗೆ ಒತ್ತುತ್ತ ಬನ್ನಿ. ಉಜ್ಜಬಾರದು. ಬಿಸಿ, ಕ್ಷಾರ, ಉಜ್ಜಾಟ ಮೂರೂ ಸೇರಿದರೆ ಉಣ್ಣೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯಾಗುತ್ತವೆ. ಆಮೇಲೆ ಬರೀ ನೀರಲ್ಲಿ ಹಿಂಡಿದ ಬಟ್ಟೆಯಿಂದ ಎರಡು ಮೂರು ಸಲ ಒತ್ತಿ ಸಾಬೂನು ತೆಗೆಯಿರಿ. ತೇವದ ಅಂಚನ್ನು ಒಣಬಟ್ಟೆಗೆ ಮೆಲ್ಲಗೆ ಹರಡಿ ಮಾಸಲು ಮಾಡಿ, ಇಲ್ಲವಾದರೆ ಕಲೆ ಹೋಗಿ ಅದರ ಸುತ್ತ ನೀರಿನ ಬಳೆ ಉಳಿಯುತ್ತದೆ.

ಅಂಗಡಿಯ ಕಲೆನಿವಾರಕಗಳಲ್ಲಿ, ಬಟ್ಟೆಸೋಪಿನ ಪುಡಿಗಳಲ್ಲಿ ಪ್ರೋಟಿಯೇಸ್ ಎಂಬ ಕಿಣ್ವ ಇರುತ್ತದೆ. ಅದು ಪ್ರೋಟೀನನ್ನು ಜೀರ್ಣಿಸುವ ಕಿಣ್ವ. ಉಣ್ಣೆ, ರೇಷ್ಮೆ ಎರಡೂ ಪ್ರೋಟೀನೇ. ಕಲೆಯ ಜೊತೆಗೆ ಕೋಟನ್ನೂ ಅದು ತಿನ್ನುತ್ತದೆ. ಕ್ಲೋರಿನ್ ಬ್ಲೀಚ್ ಇನ್ನೂ ಕೆಟ್ಟದು, ಉಣ್ಣೆಯನ್ನು ಅಕ್ಷರಶಃ ಕರಗಿಸುತ್ತದೆ.

ಕಾಲರಿನ ಜಿಡ್ಡಿಗೆ ಮೇಲಿನ ನೊರೆಯೇ ಸಾಕು, ಎರಡು ಸಲಕ್ಕೆ ಹೋಗುತ್ತದೆ. ರಕ್ತಕ್ಕೆ ತಣ್ಣೀರು ಮಾತ್ರ, ಬಿಸಿ ತಾಗಿದರೆ ಗಟ್ಟಿಯಾಗಿ ಕೂರುತ್ತದೆ. ಮೇಣವನ್ನು ತಣ್ಣಗೆ ಮಾಡಿ ಉದುರಿಸಿ, ಉಳಿದದ್ದನ್ನು ಹೀರುಕಾಗದದ ನಡುವೆ ಬೆಚ್ಚನೆಯ ಇಸ್ತ್ರಿಯಿಂದ ಎತ್ತಿ. ಕಂಕುಳಿನಲ್ಲಿ ಅಸ್ತರಿಯ ಬಣ್ಣವೇ ಬದಲಾಗಿದ್ದರೆ ಅದು ಕಲೆಯಲ್ಲ, ಬೆವರು ಬಣ್ಣವನ್ನು ಕೆಡಿಸಿದ ಗುರುತು. ಯಾವ ಶುಚಿಯೂ ಅದನ್ನು ಹಿಂದಕ್ಕೆ ತರುವುದಿಲ್ಲ.

ಈ ಕಂಕುಳಿನ ಅಸ್ತರಿಯ ಬಗ್ಗೆ ಸ್ವಲ್ಪ ನಿಲ್ಲಬೇಕು. ಹಳೆಯ ಕೋಟಿನಲ್ಲಿ ಮೊದಲು ಸಾಯುವುದು ಇದೇ. ಬೆರಳನ್ನು ಹಿಂದಿನಿಂದ ಒತ್ತಿ ನೋಡಿ: ಗಟ್ಟಿಯಿದ್ದರೆ ಹೊಳೆಯುತ್ತ ಬಾಗುತ್ತದೆ, ಕೆಟ್ಟಿದ್ದರೆ ಒಣಎಲೆಯಂತೆ ಸಣ್ಣಗೆ ಸದ್ದುಮಾಡಿ ನೇರಗೆರೆಯಲ್ಲಿ ಸೀಳುತ್ತದೆ. ರೇಯಾನ್ ಒದ್ದೆಯಾದಾಗ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ, ಆದ್ದರಿಂದ ಸೀಳಲು ಶುರುವಾದ ಅಸ್ತರಿಯನ್ನು ಒದ್ದೆ ಮಾಡಲೇಬಾರದು. ಇಡೀ ಅಸ್ತರಿ ಬದಲಿಸುವ ಅಗತ್ಯವೂ ಇಲ್ಲ. ಕಂಕುಳ ಸುತ್ತ ಅರ್ಧಚಂದ್ರಾಕಾರದ ತೇಪೆಯನ್ನು, ಅದೇ ಬಣ್ಣಕ್ಕೆ ಹತ್ತಿರವಾದ ವಿಸ್ಕೋಸ್ (ರೇಯಾನ್) ಅಸ್ತರಿಯಲ್ಲಿ, ಕೈಹೊಲಿಗೆಯಿಂದ ಕೂರಿಸಿದರೆ ಸಾಕು. ಹಳೆಯ ಅಸ್ತರಿ, ಅದರ ಪಟ್ಟೆ, ಅದರ ಚೀಟಿ ಎಲ್ಲ ಉಳಿಯುತ್ತದೆ.

ಡ್ರೈ ಕ್ಲೀನಿಂಗ್ ಯಾವಾಗ?

ಬ್ರಷ್, ಗಾಳಿ, ನೊರೆ ಮೂರೂ ಆದ ಮೇಲೂ ಎಣ್ಣೆಜಿಡ್ಡು ಉಳಿದಿದ್ದರೆ ಮಾತ್ರ. ದ್ರಾವಕ ಎಣ್ಣೆಯನ್ನು ಚೆನ್ನಾಗಿ ತೆಗೆಯುತ್ತದೆ, ಬೆವರಿನ ಉಪ್ಪನ್ನೂ ಸಕ್ಕರೆಯನ್ನೂ ತೆಗೆಯುವುದಿಲ್ಲ. ಕಾಣದ ಸಕ್ಕರೆ ಕಲೆ ಆಮೇಲಿನ ಬಿಸಿಗೆ ಕಂದಾಗಿ ಮೇಲೇಳುವುದೂ ಉಂಟು. ಏನು ಚೆಲ್ಲಿತ್ತೆಂದು ಗೊತ್ತಿದ್ದರೆ ಕೊಡುವಾಗಲೇ ಹೇಳಿ.

ಕೊಡುವ ಮುನ್ನ ಗುಂಡಿಗಳನ್ನು ಕಿತ್ತಿಟ್ಟುಕೊಳ್ಳಿ. ಇದು ಅತಿಜಾಗ್ರತೆ ಅಲ್ಲ. ಹಳೆಯ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಗುಂಡಿ ಡ್ರೈ ಕ್ಲೀನಿಂಗಿಗೆ ಬಳಸುವ ಪರ್ಕ್ಲೋರೋಎಥಿಲೀನ್ ದ್ರಾವಕದಲ್ಲಿ ಕರಗಿ ಬಟ್ಟೆಗೆ ಅಂಟಿಕೊಳ್ಳುತ್ತದೆ. ಸೆಲ್ಯುಲಾಯ್ಡ್ ಗುಂಡಿ ಬಿಸಿಗೆ ಮೆತ್ತಗಾಗುತ್ತದೆ, ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಹಾಲಿನ ಪ್ರೋಟೀನಿನಿಂದ ಮಾಡಿದ ಕೇಸೀನ್ ಗುಂಡಿ ನೀರಿಗೆ ಉಬ್ಬಿ ಬಿರಿಯುತ್ತದೆ. ಗುಂಡಿ ಕಿತ್ತ ಜಾಗಕ್ಕೆ ಬಣ್ಣದ ನೂಲಿನ ಒಂದು ಸಡಿಲ ಹೊಲಿಗೆ ಹಾಕಿಟ್ಟರೆ ಮತ್ತೆ ಕೂರಿಸುವಾಗ ಅಳೆಯಬೇಕಿಲ್ಲ.

ಹೇಳಬೇಕಾದದ್ದು ಇಷ್ಟು: ಬಟ್ಟೆಯನ್ನು ಬಲೆಚೀಲದಲ್ಲಿ ಹಾಕಿ, ಸಾಧ್ಯವಾದರೆ ಹೈಡ್ರೋಕಾರ್ಬನ್ ದ್ರಾವಕ, ಒಣಗಿಸುವಾಗ ಕಡಿಮೆ ಬಿಸಿ, ಲ್ಯಾಪೆಲ್ ಮೇಲೆ ಯಂತ್ರದ ಒತ್ತು ಬೇಡ. ಇಸ್ತ್ರಿಯೇ ಬೇಡ, ನಾವೇ ಮಾಡಿಕೊಳ್ಳುತ್ತೇವೆ ಎಂದರೆ ಇನ್ನೂ ಉತ್ತಮ. ಸೂಟಾದರೆ ಕೋಟು, ಪ್ಯಾಂಟು, ವೇಸ್ಟ್‌ಕೋಟು ಎಲ್ಲವನ್ನೂ ಒಟ್ಟಿಗೇ ಕೊಡಬೇಕು. ಒಂದನ್ನೇ ಕೊಟ್ಟರೆ ಅದರ ಬಣ್ಣ ಒಂದಿಷ್ಟು ತಿಳಿಯಾಗಿ ಜೋಡಿ ತಪ್ಪುತ್ತದೆ. ಮನೆಗೆ ತಂದ ಕೂಡಲೇ ಪಾಲಿಥಿನ್ ಹೊದಿಕೆ ತೆಗೆದು ಎರಡು ದಿನ ಗಾಳಿಗೆ ಬಿಡಿ.

ಅಸ್ತರಿಯಿಲ್ಲದ ಹತ್ತಿ, ಲಿನನ್ ಬೇಸಗೆ ಕೋಟನ್ನು ಬಣ್ಣ ಬಿಡದಿದ್ದರೆ ಕೈಯಲ್ಲಿ ತೊಳೆಯಬಹುದು, ಒಂದಿಷ್ಟು ಕುಗ್ಗುವುದಕ್ಕೆ ಸಿದ್ಧರಿರಬೇಕು. ವೆಲ್ವೆಟ್ಟಿಗೆ ಹಬೆ ಹಿಂಬದಿಯಿಂದ ಮಾತ್ರ. ರೇಷ್ಮೆ ಲ್ಯಾಪೆಲ್ಲಿನ ಸಂಜೆಕೋಟಿಗೆ ಒಂದು ಹನಿ ನೀರೂ ಕಲೆಯೇ.

ಹಬೆ ಮತ್ತು ಇಸ್ತ್ರಿ

ಹಬೆಯನ್ನು 15 ಸೆಂಟಿಮೀಟರ್ ದೂರದಿಂದ ಕೊಡಿ. ಕೈಯಲ್ಲಿ ಬಟ್ಟೆಯ ಕೆಳಅಂಚನ್ನು ಹಗುರವಾಗಿ ಎಳೆದುಹಿಡಿಯಿರಿ. ಸುಕ್ಕು ಬಿಡಿಸಿಕೊಂಡ ಮೇಲೆ ತಣ್ಣಗಾಗುವವರೆಗೆ ಮುಟ್ಟಬೇಡಿ, ಉಣ್ಣೆ ಆಕಾರ ಹಿಡಿಯುವುದು ಬಿಸಿಯಲ್ಲಲ್ಲ, ಆರುವಾಗ.

ಇಸ್ತ್ರಿ ಬೇಕೇ ಬೇಕೆಂದರೆ ಇಸ್ತ್ರಿಪೆಟ್ಟಿಗೆಯ ತಿರುಗುಗುಂಡಿಯ ಮೇಲಿನ ಎರಡು ಚುಕ್ಕೆಯ ಬಿಸಿ, ಅಂದರೆ 150 ಡಿಗ್ರಿ ಮೀರಬಾರದು. ಅಸಿಟೇಟ್ ಅಸ್ತರಿಗೆ ಒಂದೇ ಚುಕ್ಕೆ, 110. ನಡುವೆ ಹಿಂಡಿದ ಹತ್ತಿಬಟ್ಟೆ ಇರಲೇಬೇಕು. ಇಸ್ತ್ರಿಯನ್ನು ಜಾರಿಸದೆ, ಇಟ್ಟು, 5 ಸೆಕೆಂಡ್ ಒತ್ತಿ, ಎತ್ತಿ, ಪಕ್ಕಕ್ಕೆ ಇಡಿ. ಬರಿಯ ಇಸ್ತ್ರಿ ತಾಗಿದಲ್ಲಿ ಎಳೆಗಳು ಚಪ್ಪಟೆಯಾಗಿ ಕನ್ನಡಿಹೊಳಪು ಬರುತ್ತದೆ. ಮೊಣಕೈ, ಆಸನದಲ್ಲಿ ಈಗಾಗಲೇ ಹೊಳಪು ಇದ್ದರೆ ಒಂದು ಪಾಲು ಬಿಳಿ ವಿನೆಗರಿಗೆ ನಾಲ್ಕು ಪಾಲು ನೀರು ಬೆರೆಸಿ, ಬಟ್ಟೆ ಅದ್ದಿ ಹಿಂಡಿ ಮೇಲಿಟ್ಟು ಹಬೆ ಕೊಟ್ಟು, ಬಿಸಿಯಿರುವಾಗಲೇ ಬ್ರಷ್ಷಿನಿಂದ ಎದುರುದಿಕ್ಕಿಗೆ ಎಬ್ಬಿಸಿ. ಎಳೆ ಚಪ್ಪಟೆಯಾದ ಹೊಳಪು ಇದರಿಂದ ತಗ್ಗುತ್ತದೆ. ಎಳೆಯೇ ಸವೆದುಹೋದ ಹೊಳಪು ಹೋಗುವುದಿಲ್ಲ.

ಲ್ಯಾಪೆಲ್ ವಿಷಯದಲ್ಲಿ ಕೈ ತಡೆಯಬೇಕು. ಹೊಲಿದ ಕ್ಯಾನ್ವಾಸಿನ ಕೋಟಿನಲ್ಲಿ ಲ್ಯಾಪೆಲ್ ಮೇಲಿನ ಗುಂಡಿಯ ಹತ್ತಿರ ಎಲೆಯ ತೊಟ್ಟಿನಂತೆ ದುಂಡಗೆ ಹೊರಳುತ್ತದೆ. ದರ್ಜಿ ನೂರಾರು ಸಣ್ಣ ಹೊಲಿಗೆಗಳಿಂದ ಅದನ್ನು ಒಳಗೆ ಕೂರಿಸಿರುತ್ತಾನೆ. ಅದರ ಮೇಲೆ ಇಸ್ತ್ರಿ ಒತ್ತಿದರೆ ಕಾಗದದ ಮಡಿಕೆಯಾಗುತ್ತದೆ. ಹೊರಳಿನ ಕೆಳಭಾಗದ ಸುಮಾರು 7 ಸೆಂಟಿಮೀಟರನ್ನು ಇಸ್ತ್ರಿಗೆ ತಾಗಿಸಬೇಡಿ. ಯಾರೋ ಈಗಾಗಲೇ ಒತ್ತಿದ್ದರೆ ಹಬೆ ಕೊಟ್ಟು, ಮಡಿಕೆಯೊಳಗೆ ಸುತ್ತಿದ ಟವೆಲ್ ಇಟ್ಟು, ರಾತ್ರಿಯಿಡೀ ಬಿಡಿ. ತೋಳಿಗೂ ಗೆರೆ ಬೀಳಿಸಬಾರದು, ಒಳಗೆ ಸುತ್ತಿದ ಟವೆಲ್ ಇಟ್ಟು ಹಬೆ ಕೊಟ್ಟರೆ ಸಾಕು.

ಅಳತೆ, ಮತ್ತು ತೊಡುವುದು

ಚೀಟಿಯಲ್ಲಿರುವ ಸಂಖ್ಯೆಯನ್ನು ನಂಬಬೇಡಿ. ಹಿಂದೊಬ್ಬರಿಗೆ ಬಿಡಿಸಿರಬಹುದು, ಇನ್ನೊಬ್ಬರಿಗೆ ಹಿಡಿಸಿರಬಹುದು. ಬ್ರಿಟನ್, ಅಮೆರಿಕದ 40 ಎಂದರೆ ಯೂರೋಪಿನ 50. ಗುಂಡಿ ಹಾಕಿ ಮೇಜಿನ ಮೇಲೆ ಮಲಗಿಸಿ ಕಂಕುಳಿಂದ ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ. ಮೈಯ ಎದೆಸುತ್ತಳತೆಗಿಂತ ಅದು 8ರಿಂದ 12 ಸೆಂಟಿಮೀಟರ್ ಹೆಚ್ಚಿದ್ದರೆ ಸರಿ: ಎದೆ 100 ಇದ್ದವರಿಗೆ ಮಲಗಿಸಿದ ಅಳತೆ 54ರಿಂದ 56.

ಹೆಗಲು ಸರಿಯಿಲ್ಲದ ಕೋಟನ್ನು ಬಿಟ್ಟುಬಿಡಿ. ಹೆಗಲನ್ನು ತಿದ್ದುವುದೆಂದರೆ ತೋಳು, ಕಾಲರ್, ಪ್ಯಾಡು ಎಲ್ಲವನ್ನೂ ಬಿಚ್ಚುವುದು. ಅಷ್ಟು ಕೆಲಸವನ್ನು ಹಳೆಯ ಬಟ್ಟೆ ತಡೆಯುವುದಿಲ್ಲ. ಕೋಟಿನ ಉದ್ದವೂ ಹಾಗೆಯೇ, ಕಡಿಮೆ ಮಾಡಿದರೆ ಜೇಬು ಅಂಚಿಗೆ ಬಂದು ಕೂರುತ್ತದೆ. ಸೊಂಟ ಹಿಡಿಸಬಹುದು. ತೋಳನ್ನು ಒಳಗೆ ಬಟ್ಟೆ ಇದ್ದಷ್ಟು, ಸಾಮಾನ್ಯವಾಗಿ 2–4 ಸೆಂಟಿಮೀಟರ್, ಬಿಡಿಸಬಹುದು; ಹಳೆಯ ಮಡಿಕೆಯ ಗೆರೆ ಮಾಸಿದ್ದರೆ ಅದು ಕಾಣುತ್ತಲೇ ಇರುತ್ತದೆ ಎಂಬುದು ನೆನಪಿರಲಿ.

ಹಳೆಯ ಸೂಟು ತೊಟ್ಟಾಗ ಏನೋ ಸರಿಯಿಲ್ಲ ಎನಿಸಿದರೆ ಬಹಳ ಸಲ ದೋಷ ಇರುವುದು ಪ್ಯಾಂಟು ಹಾಕಿದ ಎತ್ತರದಲ್ಲಿ. 1930, 40ರ ದಶಕದ ಪ್ಯಾಂಟು ಹೊಕ್ಕುಳ ಮಟ್ಟದಲ್ಲಿ ಕೂರಬೇಕು. ಇಂದಿನ ಅಭ್ಯಾಸದಂತೆ ಇಳಿಸಿ ಹಾಕಿದರೆ ತೊಡೆಸಂದು ಜೋಲುತ್ತದೆ, ಕೋಟು ಗಿಡ್ಡವೆನಿಸುತ್ತದೆ, ನಡುವೆ ಶರ್ಟು ಇಣುಕುತ್ತದೆ. ಸೊಂಟಪಟ್ಟಿಗೆ ಮುಂದೆ ನಾಲ್ಕು, ಹಿಂದೆ ಎರಡು ಗುಂಡಿ ಇದ್ದರೆ ಅವು ಭುಜಪಟ್ಟಿಗೆ, ಅಂದರೆ ಬ್ರೇಸಸ್‌ಗೆ. ಗುಂಡಿಗೆ ಸಿಕ್ಕಿಸುವ ಚರ್ಮದ ತುದಿಯವನ್ನೇ ಬಳಸಿ. ಲೋಹದ ಕ್ಲಿಪ್ಪಿನವು ಹಳೆಯ ಉಣ್ಣೆಯನ್ನು ಕಚ್ಚಿ ಹರಿಯುತ್ತವೆ.

ಹಳೆಯ ಕೋಟಿನ ಕಂಕುಳ ಸುತ್ತು ಮೇಲಕ್ಕೆ, ಬಿಗಿಯಾಗಿ ಇರುತ್ತದೆ. ಕೈ ಎತ್ತಿದರೆ ಕೋಟು ಜೊತೆಗೆ ಏಳದಿರುವುದು ಅದರಿಂದಲೇ. ಆದರೆ ಒಂದು ಕೈ ಹಾಕಿ ಇನ್ನೊಂದನ್ನು ಹಿಂದಕ್ಕೆ ತಿರುಚಿ ತೂರಿಸಿದರೆ ಅಸ್ತರಿ ಸೀಳುತ್ತದೆ. ಎರಡೂ ಕೈಯನ್ನು ಕೆಳಗೆ, ಬೆನ್ನ ಹಿಂದೆ ಒಟ್ಟಿಗೇ ತೂರಿಸಿ ಆಮೇಲೆ ಹೆಗಲಿಗೆ ಏರಿಸಿ. ಕೈಗಡಿಯಾರ, ಉಂಗುರ ಮೊದಲೇ ತೆಗೆದಿರಲಿ. ಬೆವರುನಿವಾರಕ ಹಚ್ಚಿದ್ದರೆ ಪೂರ್ತಿ ಒಣಗಿದ ಮೇಲೆಯೇ ತೊಡಬೇಕು, ಅದರ ಅಲ್ಯುಮಿನಿಯಂ ಲವಣ ಬೆವರಿನ ಜೊತೆ ಸೇರಿ ಅಸ್ತರಿಯನ್ನು ಕೊಲ್ಲುತ್ತದೆ. ಒಳಗೆ ತೋಳಿನ ಹತ್ತಿ ಬನಿಯನ್ ಹಾಕಿ, ಬೆವರು ಹೆಚ್ಚಿದ್ದರೆ ಕಂಕುಳ ಪ್ಯಾಡನ್ನು ಅಸ್ತರಿಗೆ ನಾಲ್ಕು ಕಡೆ ಸಡಿಲ ಹೊಲಿಗೆಯಿಂದ ಕಟ್ಟಿ. ತೊಟ್ಟ ಮೇಲೆ ಬಿಚ್ಚಿ ತೊಳೆಯಬಹುದು.

ಕೂರುವ ಮುನ್ನ ಗುಂಡಿ ಬಿಚ್ಚಿ. ಎರಡು ಸಾಲಿನ ಗುಂಡಿಯ ಕೋಟಾದರೆ ಹಾಕಿದ್ದೇ ಇರಲಿ. ಒಂದೇ ಸಾಲಿನದರಲ್ಲಿ ಕೊನೆಯ ಗುಂಡಿ ಹಾಕುವಂತೆ ಹೊಲಿದಿರುವುದಿಲ್ಲ, ಹಾಕಿದರೆ ಸೊಂಟದ ಬಳಿ ಎಳೆಯುತ್ತದೆ. ಫೋನು, ಬೀಗದಕೈ ಕೋಟಿನ ಜೇಬಿಗೆ ಬೇಡ. ಹೆಗಲಚೀಲದ ಪಟ್ಟಿ ದಿನವಿಡೀ ಉಜ್ಜಿದ ಜಾಗದಲ್ಲಿ ನೂಲಿನ ಮೇಲ್ಮೈ ಒಂದೇ ಋತುವಿನಲ್ಲಿ ಬೋಳಾಗುತ್ತದೆ, ಚೀಲವನ್ನು ಕೈಯಲ್ಲಿ ಹಿಡಿಯಿರಿ.

ತೊಟ್ಟ ಮೇಲೆ

ಬಿಚ್ಚಿದ ಕೂಡಲೇ ಕಪಾಟಿಗೆ ಹಾಕದೆ ಒಂದು ರಾತ್ರಿ ಹೊರಗೆ ತೂಗಿ, ಮರುದಿನ 2 ನಿಮಿಷ ಬ್ರಷ್ ಮಾಡಿ. ಮತ್ತೆ ತೊಡಲು ಎರಡು ದಿನವಾದರೂ ಬಿಡುವು ಕೊಡಿ. ಹ್ಯಾಂಗರಿನ ಹೆಗಲು 4–5 ಸೆಂಟಿಮೀಟರ್ ದಪ್ಪವಿರಬೇಕು, ಅದರ ತುದಿ ತೋಳಿನ ಹೊಲಿಗೆಗಿಂತ ಒಂದು ಸೆಂಟಿಮೀಟರ್ ಒಳಗೇ ನಿಲ್ಲಬೇಕು. ತಂತಿಯ ಹ್ಯಾಂಗರಿನಲ್ಲಿ ಒಂದು ಮಳೆಗಾಲ ಕಳೆದ ಕೋಟಿನ ಹೆಗಲಲ್ಲಿ ಕೋಡು ಮೂಡಿರುತ್ತದೆ. ಬಹಳ ಭಾರದ, ಅಥವಾ ಹೆಗಲ ಹೊಲಿಗೆ ಸಡಿಲವಾದ ಕೋಟನ್ನು ತೂಗದೆ, ಮಡಿಕೆಗಳೊಳಗೆ ಆಮ್ಲರಹಿತ ಕಾಗದದ ಸುರುಳಿ ಇಟ್ಟು ಮಲಗಿಸಿ.

ತಿಂಗಳುಗಟ್ಟಲೆ ಎತ್ತಿಡುವುದಾದರೆ ಹತ್ತಿಯ ಹೊದಿಕೆಚೀಲ, ಪಾಲಿಥಿನ್ ಬೇಡ. ಗಾಳಿಯ ಆರ್ದ್ರತೆ ಶೇ 45–55ರ ನಡುವೆ ಇದ್ದರೆ ಒಳ್ಳೆಯದು. 65 ದಾಟಿದರೆ ಬೂಷ್ಟಿಗೆ ಬಾಗಿಲು ತೆರೆದಂತೆ. ಕಪಾಟಿನ ತಳದಲ್ಲಿ ಫೆರೋಮೋನ್ (ಹೆಣ್ಣು ಪತಂಗದ ವಾಸನೆ) ಹಚ್ಚಿದ ಅಂಟುಬಲೆಯೊಂದನ್ನು ಇಡಿ. ಅದು ಗಂಡು ಪತಂಗವನ್ನು ಮಾತ್ರ ಹಿಡಿಯುತ್ತದೆ, ಹಾವಳಿಯನ್ನು ನಿಲ್ಲಿಸುವುದಿಲ್ಲ, ಆದರೆ ಶುರುವಾಗಿದೆ ಎಂದು ತಿಳಿಸುತ್ತದೆ. ತಿಂಗಳಿಗೊಮ್ಮೆ ಬಲೆ ನೋಡಿ, ಮೂರು ತಿಂಗಳಿಗೊಮ್ಮೆ ಕೋಟನ್ನು ಹೊರತೆಗೆದು ಕಾಲರ್ ಎತ್ತಿ, ಜೇಬು ತಿರುವಿ, ದೀಪ ಹಿಡಿಯಿರಿ.